ಹಂಚಿದವಳಿಗೆ ಕೊನೆಯ ಪಾಲು

ನಮ್ಮ ಓಣಿಯಲ್ಲಿ ಬಾಯಿ ಜೋರಿನವರಿಗೆ ಕಡಿಮೆಯಿಲ್ಲ. ಆದರೂ ಕೊಪ್ಪರಿಗೆ ಅಕ್ಕ ಮಾತಿಗೆ ನಿಂತರೆ ನನ್ನ ಹೊಲಿಗೆ ಮೆಷಿನ್ನಿನ ಸದ್ದು ನನಗೇ ಕೇಳಿಸುವುದಿಲ್ಲ. ಗೊತ್ತಿಲ್ಲದವರು ಅವಳನ್ನು ಜಗಳಗಂಟಿ ಅಂದುಕೊಳ್ಳುತ್ತಾರೆ. ಅದು ಜಗಳದ ದನಿಯಲ್ಲ, ಕಸುಬಿನ ದನಿ. ಫಂಕ್ಷನ್ ಹಾಲ್‌ಗಳಲ್ಲಿ ದೊಡ್ಡ ಊಟ ಮುಗಿದ ಮೇಲೆ ಪಾತ್ರೆ ತೊಳೆಯುವ ಆರು ಹೆಂಗಸರ ಗುಂಪಿನಲ್ಲಿ ಅವಳೊಬ್ಬಳು. ಊರಿಗೆಲ್ಲ ಅಡುಗೆ ಬೆಂದ ಕೊಪ್ಪರಿಗೆಯನ್ನು ನಿಲ್ಲಿಸಿಕೊಂಡು ತೊಳೆಯಲು ಆಗುವುದಿಲ್ಲ. ಅಡ್ಡ ಉರುಳಿಸಿ, ಸೊಂಟದವರೆಗೆ ಒಳಗೆ ನುಗ್ಗಿ, ತಳ ಹಿಡಿದದ್ದನ್ನು ಕೆರೆಯಬೇಕು. ಒಳಗಿನಿಂದ ‘ನೀರು ಕೊಡೇ’ ಅಂದರೆ ಹೊರಗಿನವರಿಗೆ ಕೇಳಬೇಕಲ್ಲ, ಕೂಗಬೇಕು. ವರ್ಷಗಟ್ಟಲೆ ಹಾಗೆ ಕೂಗಿ ಕೂಗಿ ಅವಳ ಗಂಟಲು ಅದೇ ಅಳತೆಗೆ ಒಗ್ಗಿಬಿಟ್ಟಿದೆ. ಪಿಸುಗುಟ್ಟಿದರೂ ಓಣಿಯ ಆ ತುದಿಗೆ ಕೇಳುತ್ತದೆ. ಹೀಗಾಗಿ ಅವಳ ಬದುಕಿನಲ್ಲಿ ಗುಟ್ಟು ಅನ್ನುವುದೇ ಇರಲಿಲ್ಲ.

ನನ್ನ ಟೈಲರ್ ಅಂಗಡಿ ರೇಷನ್ ಅಂಗಡಿಗೆ ಅಂಟಿಕೊಂಡಿದೆ. ತಿಂಗಳ ಮೊದಲ ವಾರ ಸಾಲು ನನ್ನ ಬಾಗಿಲ ಮುಂದೆಯೇ ಹಾಯುತ್ತದೆ. ಅವತ್ತು ಅಕ್ಕನ ಸರದಿ ಬಂತು. ಬೆರಳಚ್ಚಿನ ಮೆಷಿನ್ ಮೇಲೆ ಹೆಬ್ಬೆಟ್ಟು ಒತ್ತಿದಳು. ಮೆಷಿನ್ ಕೆಂಪು ದೀಪ ತೋರಿಸಿತು. ಅವಳಿಗೆ ಇದೇನೂ ಹೊಸದಲ್ಲ. ಬೂದಿ, ಮರಳು, ತಂತಿಜುಂಗು ಹಾಕಿ ತಿಕ್ಕಿ ತಿಕ್ಕಿ ಅವಳ ಬೆರಳಿನ ಗೆರೆಗಳೇ ಸವೆದುಹೋಗಿವೆ. ಹೆಬ್ಬೆಟ್ಟನ್ನು ಸೆರಗಿಗೆ ಒರೆಸಿದಳು, ಬಾಯಿಂದ ಊದಿದಳು, ಮತ್ತೆ ಒತ್ತಿದಳು.

“ಬೆರಳು ಸರಿಯಾಗೇ ಇದೆಯಕ್ಕಾ. ಕಾರ್ಡೇ ರದ್ದಾಗಿದೆ. ಆದಾಯ ಜಾಸ್ತಿ ಅಂತ ತೋರಿಸ್ತಿದೆ,” ಅಂದ ಅಂಗಡಿಯವನು.

“ಯಾರ ಆದಾಯ?”

“ನಿನ್ನದೇ.”

ಸಾಲಿನಲ್ಲಿದ್ದವರೆಲ್ಲ ನಕ್ಕುಬಿಟ್ಟರು. ಅಕ್ಕನೂ ನಕ್ಕಳು. “ಹಾಗಿದ್ರೆ ಅದೆಲ್ಲಿದೆ ಅಂತಲೂ ನಿನ್ನ ಮೆಷಿನ್ನನ್ನೇ ಕೇಳು, ಹೋಗಿ ತಗೊಂಡು ಬರ್ತೀನಿ.” ಆಮೇಲೆ ಅವನ ಮುಖ ನೋಡಿದಳು, ಅದು ತಮಾಷೆಯಲ್ಲ ಎಂದು ತಿಳಿಯಿತು. ಮಡಚಿದ ಖಾಲಿ ಚೀಲವನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದು ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತಳು. ಮನೆಯಲ್ಲಿ ಹಲ್ಲಿಲ್ಲದ ಅತ್ತೆ, ಶಾಲೆಗೆ ಹೋಗುವ ಇಬ್ಬರು ಹೆಣ್ಣುಮಕ್ಕಳು. ಲಾರಿ ಲೋಡಿಂಗ್ ಮಾಡುತ್ತಿದ್ದ ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು. ಆ ಚೀಲದ ಅಕ್ಕಿ ಬಂದರೆ ಅರ್ಧ ತಿಂಗಳು ಒಲೆ ನೆಮ್ಮದಿಯಾಗಿ ಉರಿಯುತ್ತದೆ. ಮಿಕ್ಕ ಅರ್ಧವನ್ನು ಹೇಗೋ ನೂಕಬಹುದು. ಅದೇ ಬರದಿದ್ದರೆ ಇಡೀ ತಿಂಗಳನ್ನು ನೂಕಬೇಕು, ನೂಕುವವಳು ಅವಳೊಬ್ಬಳೇ.

ಆದಾಯ ಜಾಸ್ತಿಯಾದ ಬಗೆ ಹೀಗೆ. ಮೊದಲೆಲ್ಲ ಹಾಲ್‌ನ ಮ್ಯಾನೇಜರುಗಳು ಕೂಲಿಯನ್ನು ಕೈಗೇ ಕೊಡುತ್ತಿದ್ದರು. ಆಮೇಲೆ ಎಲ್ಲರೂ ಫೋನಿನಲ್ಲಿ ಹಾಕಲು ಶುರುಮಾಡಿದರು. “ಆರು ಜನಕ್ಕೆ ಆರು ಸಲ ಹಾಕ್ತಾ ಕೂರೋಕೆ ನನಗೇನು ಬೇರೆ ಕೆಲಸ ಇಲ್ವಾ? ಯಾರಾದ್ರೂ ಒಬ್ಬರ ನಂಬರ್ ಕೊಡಿ,” ಅಂದರು. ಗುಂಪಿನಲ್ಲಿ ಒಬ್ಬಳ ಖಾತೆ ಗಂಡನ ಕೈಯಲ್ಲಿ. ಇನ್ನೊಬ್ಬಳಿಗೆ ಖಾತೆಯೇ ಇಲ್ಲ. ಎಲ್ಲರಿಗಿಂತ ಹಿರಿಯಳಾದ ಕೆಮ್ಮಿನ ಅಜ್ಜಿಗೆ ಫೋನ್ ಅಂದರೆ ಹಾವು ಕಂಡಂತೆ. ಕೊನೆಗೆ ಅಕ್ಕನ ನಂಬರ್ ಕೊಟ್ಟರು. ಆರು ಜನರ ಬೆವರು ಒಬ್ಬಳ ಖಾತೆಗೆ ಹರಿಯಿತು. ದೂರದಲ್ಲಿ ಕೂತು ಲೆಕ್ಕ ನೋಡುವವರಿಗೆ ಅವಳು ರಾತ್ರಿ ಬೆಳಗಾಗುವುದರಲ್ಲಿ ಸಾಹುಕಾರ್ತಿಯಾದಳು.

ಆ ಹಣ ಅವಳ ಹತ್ತಿರ ಒಂದು ದಿನವೂ ನಿಲ್ಲುತ್ತಿರಲಿಲ್ಲ ಎಂಬುದು ಲೆಕ್ಕದಲ್ಲಿ ಕಾಣುವುದಿಲ್ಲವಲ್ಲ. ಅವರ ಗುಂಪಿನಲ್ಲಿ ಹಂಚಿಕೆಗೆ ಒಂದು ಪದ್ಧತಿ ಇದೆ. ಹಣ ತೆಗೆದುಕೊಂಡು ಬಂದು, ತೊಳೆದ ಕೊಪ್ಪರಿಗೆಯನ್ನು ಹಿಂಭಾಗದ ಅಂಗಳದಲ್ಲಿ ಬೋರಲು ಹಾಕಿ, ಅದರ ಬೆನ್ನ ಮೇಲೆ ಆರು ಗುಡ್ಡೆ ಮಾಡುತ್ತಾರೆ. ಗುಡ್ಡೆ ಮಾಡುವವಳು ಒಬ್ಬಳೇ. ಎತ್ತಿಕೊಳ್ಳುವುದು ಉಳಿದವರು ಮೊದಲು, ಹಂಚಿದವಳು ಕೊನೆಗೆ. ತನಗೆ ಯಾವುದು ಉಳಿಯುತ್ತದೆಂದು ಗೊತ್ತಿಲ್ಲದವಳು ಯಾವ ಗುಡ್ಡೆಯನ್ನೂ ದಪ್ಪ ಮಾಡುವುದಿಲ್ಲ. ಕೆಮ್ಮಿನ ಅಜ್ಜಿಗೆ ಈಗ ಕೊಪ್ಪರಿಗೆಯೊಳಗೆ ನುಗ್ಗಲು ಆಗುವುದಿಲ್ಲ, ಕೂತಲ್ಲೇ ಸೌಟು ಚಮಚ ತೊಳೆಯುತ್ತಾಳೆ. ಅವಳಿಗೂ ಪೂರ್ತಿ ಗುಡ್ಡೆಯೇ. ಇದನ್ನು ಯಾರು ಶುರುಮಾಡಿದರೋ ಅವರಿಗೂ ನೆನಪಿಲ್ಲ.

ನಾನು ಓಣಿಯವರಿಗೆ ಬಟ್ಟೆ ಹೊಲಿಯುವುದರ ಜೊತೆಗೆ ಅರ್ಜಿಗಳನ್ನೂ ಬರೆದುಕೊಡುತ್ತೇನೆ. ಎರಡರಲ್ಲೂ ನನ್ನ ಕೈ ಸುಮಾರು. ಅವಳಿಗೆ ಸುಲಭದ ದಾರಿ ಹೇಳಿದೆ. “ದುಡಿಮೆ ಇಲ್ಲ, ನಿರ್ಗತಿಕಳು ಅಂತ ಬರೆದುಬಿಡೋಣ. ಗುಂಪು ಬಿಟ್ಟೆ, ಈಗ ಏನೂ ಬರ್ತಿಲ್ಲ ಅಂತ ಹೇಳು. ಎಲ್ಲರೂ ಹಾಗೇ ಬರೆಸೋದು. ಎರಡು ತಿಂಗಳಲ್ಲಿ ಕಾರ್ಡು ವಾಪಸ್.”

ಅವಳು ಎರಡೂ ಅಂಗೈಗಳನ್ನು ನನ್ನ ಮೆಷಿನ್ನಿನ ಮೇಲೆ ಚಾಚಿದಳು. ಕಪ್ಪು ಕೂತ ಉಗುರು, ಒಡೆದ ಬೆರಳಸಂದಿ. “ಇದನ್ನು ನೋಡ್ಕೊಂಡು ಬರಿ ಅಣ್ಣಾ, ದುಡಿಮೆ ಇಲ್ಲ ಅಂತ. ಧೈರ್ಯ ಇದ್ರೆ ಬರಿ.”

“ಅಕ್ಕಾ, ಇದು ಬರೀ ಕಾಗದದ ಮಾತು.”

“ಸಾಹುಕಾರ್ತಿ ಅಂತ ಅವರು ಬರ್ಕೊಂಡಿದ್ದು ಸುಳ್ಳು. ನಿರ್ಗತಿಕಳು ಅಂತ ನೀನು ಬರೀತೀನಿ ಅನ್ನೋದೂ ಸುಳ್ಳು. ನಡುವೆ ನಾನೊಬ್ಬಳು ನಿಜವಾಗಿ ಇದೀನಲ್ಲ! ದುಡೀತೀನಿ, ಆದ್ರೂ ಸಾಲಲ್ಲ. ಇಷ್ಟನ್ನ ಬರೆಯೋಕೆ ಯಾರ ಕೈಲೂ ಆಗಲ್ವಾ?”

ಅಷ್ಟನ್ನೇ ಬರೆದೆ. ಬರೆಯುವಾಗ ಸಿಟ್ಟು ಬಂತು, ಅವಳ ಮೇಲೆಯೋ ನನ್ನ ಮೇಲೆಯೋ ತಿಳಿಯಲಿಲ್ಲ.

ಅರ್ಜಿ ಹೋದ ಕೆಲವು ದಿನಕ್ಕೆ ರೇಷನ್ ಕಚೇರಿಯ ಸಾಹೇಬರು ಮನೆ ನೋಡಲು ಬಂದರು. ಕೆಟ್ಟ ಮನುಷ್ಯರಲ್ಲ, ಪಾಪ. ಕಾಲಿನ ಬೂಟು ಸವೆದಿತ್ತು, ಅಂಗಿಯ ಕಾಲರನ್ನು ಒಮ್ಮೆ ತಿರುಗಿಸಿ ಹೊಲಿಸಿದ್ದು ನನ್ನ ಕಣ್ಣಿಗೆ ಬಿತ್ತು. ಒಂದೇ ಕೋಣೆಯ ಮನೆ. ಒಳಗೆ ಕಾಲಿಟ್ಟವರೇ ಮೂಲೆಯಲ್ಲಿ ಆಳೆತ್ತರದ ಫ್ರಿಜ್ಜು ಕಂಡು ಪೆನ್ನು ತೆಗೆದರು.

“ಫ್ರಿಜ್ಜು ಇದೆಯಲ್ಲಮ್ಮ?”

“ಇದೆ ಸಾಹೇಬ್ರೇ. ಬಾಗಿಲು ತೆಗೆದು ಕೈ ಹಾಕಿ. ತಣ್ಣಗಿದೆಯಾ ನೋಡಿ ಬರ್ಕೊಳ್ಳಿ.”

ತೆಗೆದರು. ಮೇಲಿನ ಅಂತಸ್ತಿನಲ್ಲಿ ಮಕ್ಕಳ ಪುಸ್ತಕ, ನಡುವೆ ಬಟ್ಟೆ, ತರಕಾರಿ ಇಡುವ ಪೆಟ್ಟಿಗೆಯಲ್ಲಿ ಅತ್ತೆಯ ಔಷಧಿ. ಹಾಲ್‌ನವರು ಮೋಟರು ಸುಟ್ಟಿತೆಂದು ಎಸೆದದ್ದನ್ನು ಆರು ಜನ ಹೊತ್ತು ತಂದಿದ್ದರು. ಬೀರುವಿಗೆ ಬೀರು, ಇಲಿ ಹೋಗದ ಹಾಗೆ ರಬ್ಬರಿನ ಬಾಗಿಲು ಬೇರೆ. ಹಾಸಿಗೆಯ ಮೇಲಿಂದ ಅತ್ತೆ ಅಂದಳು, “ನನ್ನನ್ನೂ ಅದರಲ್ಲೇ ಇಡ್ತಿದ್ಲು, ಕಾಲು ಮಡಚೋಕೆ ಆಗಲ್ಲ ಅಂತ ಬಿಟ್ಟಿದ್ದಾಳೆ.” ಸಾಹೇಬರಿಗೆ ನಗು ತಡೆಯಲಾಗಲಿಲ್ಲ. ಬರೆದದ್ದನ್ನು ಹೊಡೆದುಹಾಕಿದರು.

ಆದರೆ ಖಾತೆಯ ವಿಚಾರಕ್ಕೆ ಬಂದಾಗ ನಗು ನಿಂತಿತು. “ಹಣ ಆರು ಜನರದು ಅಂತೀರಿ. ಸರಿ, ನಂಬ್ತೀನಿ. ಉಳಿದ ಐದು ಜನರ ಹೆಸರು, ಕಾರ್ಡಿನ ನಂಬರು ಕೊಡಿ. ನಾಳೆಯೇ ನಿಮ್ಮ ಕಾರ್ಡು ಸರಿಮಾಡಿಸ್ತೀನಿ.”

ಐದು ಹೆಸರು. ನಾಲಗೆಯ ತುದಿಯಲ್ಲೇ ಇದ್ದವು. ಅಕ್ಕ ಕೇಳಿದಳು, “ಹೆಸರು ಕೊಟ್ರೆ ಅವರನ್ನ ಏನು ಮಾಡ್ತೀರಿ?”

“ಅವರ ಆದಾಯಕ್ಕೂ ಇದನ್ನ ಸೇರಿಸಬೇಕಾಗುತ್ತೆ. ಪರಿಶೀಲನೆ ಮುಗಿಯೋವರೆಗೆ ಕಾರ್ಡು ತಡೆಹಿಡೀತಾರೆ, ಅಷ್ಟೇ.”

“ಅಷ್ಟೇನಾ? ನನ್ನದೂ ಅಷ್ಟೇ ಆಗಿರೋದು ಸಾಹೇಬ್ರೇ. ಅವರ ಕಾರ್ಡು ಮುಟ್ಟಲ್ಲ ಅಂತ ಮೊದಲು ನೀವು ಬರೆದುಕೊಡಿ, ಆಮೇಲೆ ನಾನು ಬಾಯಿ ಬಿಡ್ತೀನಿ.”

“ಹಾಗೆಲ್ಲ ಬರೆದುಕೊಡೋಕೆ ಬರಲ್ಲಮ್ಮ.”

“ಹಾಗಿದ್ರೆ ನನಗೂ ಹೇಳೋಕೆ ಬರಲ್ಲ.”

ನನ್ನ ಕಸುಬಿನಲ್ಲಿ ಮೊದಲು ಅಳತೆ, ಆಮೇಲೆ ಕತ್ತರಿ. ಆ ಕಚೇರಿಯಲ್ಲಿ ಮೊದಲು ಕತ್ತರಿ. ಅಳತೆ ಬೇಕಿದ್ದವರು ಆಮೇಲೆ ಟೇಪು ಹಿಡಿದುಕೊಂಡು ಅಲೆಯಬೇಕು. ಅಕ್ಕನಿಗೆ ಅದು ಗೊತ್ತಿತ್ತು. ಗುಟ್ಟೇ ಇಲ್ಲದ ಅವಳ ಬದುಕಿನಲ್ಲಿ ಮೊಟ್ಟಮೊದಲ ಗುಟ್ಟು ಅಂದರೆ ಆ ಐದು ಹೆಸರು. ಸಾಹೇಬರು ಹೋದ ಮೇಲೆ ನಾನೇ ಕೇಳಿದೆ, “ಅವರಿಗೋಸ್ಕರ ನಿನ್ನ ಮಕ್ಕಳ ತಟ್ಟೆ ಖಾಲಿ ಇಡ್ತೀಯಾ?” ಅವಳು ನನ್ನನ್ನು ನೋಡಿದ ನೋಟಕ್ಕೆ ನಾನು ಎದ್ದು ಅಂಗಡಿಗೆ ಬಂದೆ.

ಆ ತಿಂಗಳು ಹೋಯಿತು, ಮುಂದಿನದೂ ಹೋಯಿತು. ಒಲೆ ಹೊತ್ತುವುದು ತಡವಾಯಿತು, ಆರುವುದು ಬೇಗವಾಯಿತು. ಗಂಜಿಯಲ್ಲಿ ಅಗುಳು ಹುಡುಕುವಂತಾಯಿತು. ಅಕ್ಕ ಮಾತ್ರ ಕಚೇರಿಯ ಮೆಟ್ಟಿಲು ಹತ್ತುವುದನ್ನು ಬಿಡಲಿಲ್ಲ. ಕೆಲಸವಿಲ್ಲದ ದಿನ ಹೋಗಿ, ಬಾಗಿಲ ಎದುರಿನ ಬೆಂಚಿನಲ್ಲಿ ಕೂತು, ಬರುವವರಿಗೂ ಹೋಗುವವರಿಗೂ ತನ್ನ ಕಥೆ ಹೇಳುತ್ತಿದ್ದಳು. ಆ ದನಿಯಲ್ಲಿ! ಒಳಗಿನ ಗುಮಾಸ್ತರು ಫೋನಿನಲ್ಲಿ ಮಾತಾಡಲು ಹಿತ್ತಿಲಿಗೆ ಹೋಗಬೇಕಾಯಿತು. ಪ್ಯೂನ್ ಬಂದು “ಸ್ವಲ್ಪ ಮೆಲ್ಲಗೆ” ಅಂದರೆ, “ಇದೇ ನನ್ನ ಮೆಲ್ಲಗೆ,” ಅನ್ನುತ್ತಿದ್ದಳು. ಅದು ನಿಜವೂ ಆಗಿತ್ತು.

ಗುಂಪಿನ ಹೆಂಗಸರಿಗೆ ವಿಷಯ ಗೊತ್ತಾಗದೇ ಇರುತ್ತದೆಯೇ? ಅಕ್ಕ ಇಲ್ಲದ ಹೊತ್ತು ನೋಡಿ ಒಬ್ಬೊಬ್ಬರೇ ಬಟ್ಟಲು ಹಿಡಿದು ಬಂದರು. ತಮ್ಮ ಪಾಲಿನ ಅಕ್ಕಿಯಲ್ಲೇ ಒಂದೊಂದು ಬಟ್ಟಲು ತಂದು ಅತ್ತೆಯ ಮುಂದಿಟ್ಟು ಹೋದರು. ಸಂಜೆ ಬಂದ ಅಕ್ಕ ಸಿಟ್ಟಿಗೆ ಕುಣಿದಾಡಿಬಿಟ್ಟಳು. “ಯಾಕೆ ತಗೊಂಡೆ ಅತ್ತೆ? ನಾವೇನು ಬೇಡೋಕೆ ಹೋಗಿದ್ವಾ?”

“ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು,” ಅಂದಳು ಅತ್ತೆ. “ಮಾನ ನಿಂದು, ಹೊಟ್ಟೆ ನಂದು. ನಿನ್ನ ಮಾನಕ್ಕೆ ನಾನು ಅಡ್ಡ ಬರಲ್ಲ. ನನ್ನ ಹೊಟ್ಟೆಗೆ ನೀನು ಅಡ್ಡ ಬರಬೇಡ.”

ಅಕ್ಕ ಅವತ್ತು ಆ ಅಕ್ಕಿಯನ್ನೇ ತೊಳೆದು ಒಲೆ ಹಚ್ಚಿದಳು. ಅತ್ತೆಯ ಎದುರು ಸೋಲುವುದು ಅವಳಿಗೆ ಸೋಲೆಂದು ಅನ್ನಿಸುತ್ತಿರಲಿಲ್ಲ.

ಕೊನೆಗೆ ವಿಚಾರಣೆಯ ದಿನ ಬಂತು. ಅವತ್ತು ತೀರ್ಮಾನವಾಗದಿದ್ದರೆ ಅರ್ಜಿ ಮುಚ್ಚಿಹೋಗುತ್ತದೆ, ಮತ್ತೆ ಕಾರ್ಡು ಬೇಕಿದ್ದರೆ ಅ ಆ ಇ ಈ ಇಂದ ಶುರು ಎಂದು ಹೇಳಿದ್ದರು. ಓದುಬರಹಕ್ಕೆಂದು ನನ್ನನ್ನೂ ಕರೆದುಕೊಂಡು ಹೋದಳು. ಹಿಂದಿನ ದಿನದ ದೊಡ್ಡ ಊಟದ ಕೂಲಿ ಬೆಳಗ್ಗೆ ತಾನೇ ಖಾತೆಗೆ ಬಂದಿತ್ತು. ದಾರಿಯಲ್ಲಿ ತೆಗೆದು ಸೊಂಟದ ಚೀಲದಲ್ಲಿ ಇಟ್ಟುಕೊಂಡಿದ್ದಳು. ಆರೂ ಜನ ಎದುರಿಗಿಲ್ಲದೆ ಹಂಚುವ ಹಾಗಿಲ್ಲ.

“ಹೆಸರು ತಂದಿದ್ದೀರಾಮ್ಮ?” ಎಂದರು ಸಾಹೇಬರು.

“ಇಲ್ಲ.”

“ನೋಡಿ, ಇನ್ನು ನನ್ನ ಕೈಯಲ್ಲಿ ಏನೂ ಇಲ್ಲ. ನಿಜ ಹೇಳಬೇಕೂಂದ್ರೆ ಮೇಲಿನವರಿಗೆ ಇನ್ನೊಂದು ಅನುಮಾನ. ಹಂಚೋಳು ನೀವು. ಗುಂಪಿನ ಯಜಮಾನಿಕೆಗೆ ಅಂತ ಒಂದು ಪಾಲು ಜಾಸ್ತಿ ಇಟ್ಕೊಳ್ಳದೇ ಇರ್ತೀರಾ? ಯಾರು ನಂಬ್ತಾರೆ?”

ಅಕ್ಕನ ಮುಖ ಕೆಂಪಾಯಿತು. ಹಸಿವನ್ನು ಸಹಿಸಿದ್ದಳು, ಈ ಮಾತನ್ನು ಸಹಿಸಲಾಗಲಿಲ್ಲ. ಬಾಯಿ ತೆರೆದಳು, ಅಷ್ಟರಲ್ಲಿ ಬಾಗಿಲಲ್ಲಿ ಕೆಮ್ಮು ಕೇಳಿಸಿತು.

ಕೆಮ್ಮಿನ ಅಜ್ಜಿ ಮುಂದೆ, ನಾಲ್ವರು ಹಿಂದೆ. ಬೆಳಗಿನ ಕೆಲಸದಿಂದ ಸೀದಾ ಬಂದಿದ್ದರು. ಸೀರೆಯ ಅಂಚು ಇನ್ನೂ ಒದ್ದೆ, ಮೊಣಕೈವರೆಗೆ ಮಸಿ. ತಡೆಯಲು ಹೋದ ಪ್ಯೂನ್ ತನ್ನ ಅಂಗಿ ಉಳಿಸಿಕೊಳ್ಳಲು ಪಕ್ಕಕ್ಕೆ ಸರಿದ.

“ಯಾಕ್ರೇ ಬಂದ್ರಿ?” ಎಂದು ಅಕ್ಕ ಗದರಿದಳು. “ಮನೆಗೆ ನಡೀರಿ!”

“ನಮ್ಮ ಹೆಸರು ಬಚ್ಚಿಡೋಕೆ ನೀನ್ಯಾರೇ?” ಎಂದಳು ಅಜ್ಜಿ. “ನನ್ನ ಹೆಸರು ನನ್ನಪ್ಪ ಇಟ್ಟಿದ್ದು. ನಾನೇ ಹೇಳ್ತೀನಿ. ಸಾಹೇಬ್ರೇ, ಆ ದುಡ್ಡು ನಮ್ಮದು. ಪುರಾವೆ ಬೇಕಾ?” ಅಕ್ಕನ ಕಡೆ ತಿರುಗಿದಳು. “ತೆಗಿ. ಹಂಚು.”

“ಇಲ್ಲೇನಾ?”

“ಇಲ್ಲೇ. ಕೊಪ್ಪರಿಗೆ ಇಲ್ಲ ಅಂತ ನೆಪ ಹೇಳಬೇಡ, ಮೇಜಿದೆಯಲ್ಲ.”

ಅಕ್ಕ ಸಾಹೇಬರ ಮೇಜಿನ ಮೇಲಿದ್ದ ಫೈಲುಗಳನ್ನು ಎರಡೂ ಕೈಯಿಂದ ಬದಿಗೆ ಸರಿಸಿದಳು. ಸಾಹೇಬರು ನೀರಿನ ಲೋಟವನ್ನು ತಾವೇ ಎತ್ತಿಕೊಂಡರು. ನೋಟು, ಚಿಲ್ಲರೆ, ಎಲ್ಲ ಆರು ಗುಡ್ಡೆಯಾಯಿತು. ಕಚೇರಿಯ ಗುಮಾಸ್ತರೆಲ್ಲ ಕೆಲಸ ಬಿಟ್ಟು ನೋಡುತ್ತಿದ್ದರು.

“ಇದರಲ್ಲಿ ನಿಮ್ಮದು ಯಾವುದು?” ಎಂದು ಸಾಹೇಬರು ಕೇಳಿದರು.

“ಗೊತ್ತಿಲ್ಲ,” ಅಂದಳು ಅಕ್ಕ. “ಅವರು ತಗೊಳ್ಳಲಿ. ಉಳಿದದ್ದು ನಂದು.”

ಅಜ್ಜಿ ಮೊದಲು ಎತ್ತಿಕೊಂಡಳು. ಒಬ್ಬೊಬ್ಬರಾಗಿ ಐವರೂ ಎತ್ತಿಕೊಂಡರು. ಅಕ್ಕ ಕೊನೆಯದನ್ನು ಎತ್ತಿ, ಎಣಿಸದೆ ಸೊಂಟಕ್ಕೆ ಸೇರಿಸಿದಳು. “ಈಗ ಬರ್ಕೊಳ್ಳಿ ಸಾಹೇಬ್ರೇ ನನ್ನ ಆದಾಯ. ಇದಕ್ಕಿಂತ ಒಂದು ಕಾಸು ಜಾಸ್ತಿ ಬರೀಬೇಡಿ, ಒಂದು ಕಾಸು ಕಮ್ಮೀನೂ ಬರೀಬೇಡಿ.”

ಸಾಹೇಬರು ಕೈಯಲ್ಲಿದ್ದ ಲೋಟವನ್ನು ಖಾಲಿ ಮೇಜಿನ ಮೇಲೆ ಇಟ್ಟರು. ಆಮೇಲೆ ಬರೆದುಕೊಂಡರು. ಆರು ಜನರನ್ನೂ ಕೂರಿಸಿ, ಕಾರ್ಡು ತಡೆಯದೆ ಅಲ್ಲೇ ವಿಚಾರಿಸಿದರು. ಅದು ಅವರ ಒಳ್ಳೆಯತನ. ಐದು ಮನೆಗಳು ಮಿತಿಯ ಒಳಗೇ ಇದ್ದವು. ಗುಂಪಿನಲ್ಲಿ ಎಲ್ಲರಿಗಿಂತ ಕಿರಿಯವಳ ಸರದಿ ಬಂದಾಗ ಮಾತ್ರ ಪೆನ್ನು ನಿಂತಿತು. ಅವಳ ಗಂಡ ಗೋದಾಮಿನಲ್ಲಿ ಮೂಟೆ ಹೊರುವವನು. ಅವನ ಕೂಲಿಗೆ ಇವಳದು ಸೇರಿದರೆ ಗೆರೆಯಾಚೆಗೆ ಹೋಗುತ್ತಿತ್ತು, ಹೆಚ್ಚೆಂದರೆ ಒಂದು ಸೋಪಿನ ಬೆಲೆಯಷ್ಟು. ಕಮ್ಮಿ ಹೇಳು ಅನ್ನುವಂತೆ ಅಜ್ಜಿ ಅವಳ ತೊಡೆ ಚಿವುಟಿದ್ದನ್ನು ನಾನು ನೋಡಿದೆ. ಹುಡುಗಿ ಮಾತು ಬದಲಿಸಲಿಲ್ಲ. “ಅಕ್ಕ ನಿಜಾನೇ ಬರೆಸಬೇಕು ಅಂದಿದ್ಲಲ್ಲ,” ಅಂದಳು.

“ಒಂದು ಸೋಪಿನ ದುಡ್ಡಿಗೆ ಕಾರ್ಡು ಕಿತ್ಕೊಳ್ತೀರಾ?” ಎಂದು ಅಕ್ಕ ಕೇಳಿದಳು.

“ಮಿತಿ ಅಂದ್ರೆ ಮಿತಿಯಮ್ಮ. ನಾನು ಹಾಕಿದ್ದಲ್ಲ.”

ಅಕ್ಕನ ಕಾರ್ಡು ಉಳಿಯಿತು, ಕಿರಿಯವಳದು ಹೋಯಿತು. ವಾಪಸು ಬರುವ ದಾರಿಯುದ್ದಕ್ಕೂ ಅಕ್ಕ ಎಲ್ಲರಿಗಿಂತ ಹಿಂದೆ ನಡೆದಳು. ಗೆದ್ದವಳ ನಡಿಗೆ ಅದಾಗಿರಲಿಲ್ಲ. ಕಿರಿಯವಳೇ ಅವಳಿಗೆ ಸಮಾಧಾನ ಹೇಳುತ್ತಿದ್ದಳು.

ಮುಂದಿನ ತಿಂಗಳು ರೇಷನ್ ಅಂಗಡಿಯ ಮೆಷಿನ್ ಅಕ್ಕನ ಸವೆದ ಹೆಬ್ಬೆಟ್ಟಿಗೆ ಹಸಿರು ದೀಪ ತೋರಿಸಿತು. ಚೀಲ ತುಂಬಿತು. ಅವಳು ಮನೆಗೆ ಹೋಗುತ್ತಾಳೆ ಅಂದುಕೊಂಡೆ. ಅವಳು ನನ್ನ ಬಾಗಿಲಿಗೆ ಬಂದಳು. “ಮೆಷಿನ್ ನಿಲ್ಲಿಸು. ಹಾಲ್‌ವರೆಗೆ ಹೊತ್ಕೊಂಡು ಬಾ.” ಬೈದುಕೊಳ್ಳುತ್ತಲೇ ಹೊತ್ತೆ.

ಹಾಲ್‌ನ ಹಿಂಭಾಗದ ಅಂಗಳದಲ್ಲಿ ಐವರೂ ಕೆಲಸ ಮುಗಿಸಿ ಕೂತಿದ್ದರು. ಅಕ್ಕ ಬೋರಲು ಬಿದ್ದ ಕೊಪ್ಪರಿಗೆಯ ಬೆನ್ನನ್ನು ಸೆರಗಿನಿಂದ ಒರೆಸಿ, ಒಗೆದ ಬಟ್ಟೆ ಹಾಸಿ, ಚೀಲವನ್ನು ಸುರಿದಳು. ಎರಡು ಗುಡ್ಡೆ ಮಾಡಿದಳು. ಬಗ್ಗಿ ನೋಡಿದಳು, ಒಂದರಿಂದ ಒಂದು ಹಿಡಿ ತೆಗೆದು ಇನ್ನೊಂದಕ್ಕೆ ಹಾಕಿದಳು. ಮತ್ತೆ ನೋಡಿದಳು.

“ಬಾರೇ ಇಲ್ಲಿ,” ಎಂದು ಕಿರಿಯವಳನ್ನು ಕರೆದಳು.

“ಬೇಡಕ್ಕಾ. ನಿಮ್ಮ ಮನೇಲಿ ನಾಲ್ಕು ಹೊಟ್ಟೆ. ನಮಗೆ ಹೇಗೋ ಆಗುತ್ತೆ. ಸುಮ್ನೆ ಯಾಕೆ...”

“ಸುಮ್ನೆ ಕೊಡ್ತಿಲ್ಲ ಕಣೇ. ಹಂಚ್ತಿದೀನಿ.” ಕೊಪ್ಪರಿಗೆಯೊಳಗಿನಿಂದ ಬಂದಂಥ ಆ ದನಿ ಅಂಗಳದ ಗೋಡೆಗೆ ಬಡಿದು ಹಿಂದಿರುಗಿತು. “ಕಾರ್ಡು ಅವರ ಕೈಲಿದೆ, ಬೇಕಾದಾಗ ಕತ್ತರಿಸಲಿ. ಗುಡ್ಡೆ ಮಾಡೋಳು ನಾನು. ಅಣ್ಣಾ, ನಾಳೆಗೆ ಇವಳ ಅರ್ಜಿ ಬರಿ. ಕಚೇರಿಯ ಆ ಬೆಂಚು ಇನ್ನೂ ಅಲ್ಲೇ ಇದೆ.”

ಹುಡುಗಿ ಎರಡೂ ಗುಡ್ಡೆಗಳನ್ನು ನೋಡಿದಳು. ಕಣ್ಣು ಒರೆಸಿಕೊಂಡು ಒಂದರ ಕಡೆ ಕೈ ಚಾಚಿದಳು. ಅಕ್ಕ ಸೊಂಟದ ಮೇಲೆ ಕೈಯಿಟ್ಟುಕೊಂಡು, ತನಗೆ ಉಳಿಯುವುದು ಯಾವುದು ಎಂದು ನೋಡಲು ಕಾದು ನಿಂತಳು.